ಕಡಲಡಿಯ ಸಿಹಿಗಣ್ಣು

ಬಹಳ ಹಿಂದೆ, ಏಡಿಗೂ ಹಾವಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಬೆಟ್ಟಕ್ಕೂ ಕಡಲಿಗೂ ನಡುವೆ ಶಂಖಾವತಿ ಅನ್ನೋ ರಾಜ್ಯವಿತ್ತು. ಅಂಥ ರಾಜ್ಯ ಹದಿನಾಲ್ಕು ಲೋಕ ಜಾಲಾಡಿದರೂ ಸಿಗಲಿಕ್ಕಿಲ್ಲ! ಯಾಕಂದರೆ ಅಲ್ಲಿ ಉಪ್ಪು ಕಡಲಿನ ತಳದಲ್ಲೇ ಸಿಹಿನೀರಿನ ಕಣ್ಣೊಂದಿತ್ತು. ಬೆಟ್ಟ ಕುಡಿದ ಮಳೆ ನೆಲದೊಳಗೇ ಹರಿದು ಬಂದು ಅಲ್ಲಿ ಉಕ್ಕುತ್ತಿತ್ತು. ಆ ನೀರಿನ ಸಾರಕ್ಕೆ ಮರಳೊಳಗಿನ ಬಳಚು ಅನ್ನೋ ಚಿಪ್ಪುಮೀನುಗಳು ಕೊಬ್ಬುತ್ತಿದ್ದವು, ಮರಿಮೀನುಗಳು ಬೆಳೆಯುತ್ತಿದ್ದವು.

ಒಂದು ವರ್ಷ ಆ ಕಣ್ಣಿನ ಸುತ್ತ ಹಸಿರು ಪಾಚಿ ಹಬ್ಬಿತು. ಬಳಚು ಬಾಯಿ ಬಿಟ್ಟು ಸತ್ತವು. ಮೀನು ಹೊಟ್ಟೆ ಮೇಲಾಗಿ ತೇಲಿದವು. ರಾಜ ಡಂಗುರ ಹೊಡೆಸಿದ: "ಹುಣ್ಣಿಮೆಯೊಳಗೆ ಕಡಲು ತಿಳಿಯಾಗದಿದ್ದರೆ ಕಡಲಂಚಿನ ಮೀನುಗಾರರ ಕೇರಿಯವರೆಲ್ಲ ಬೆಟ್ಟದಾಚೆಗೆ ಹೋಗತಕ್ಕದ್ದು!"

ಬಳಚು ಆಯುವ ಗಿರಿಯಮ್ಮ ಕುಸಿದು ಕೂತಳು. "ಕಡಲು ಬಿಟ್ಟು ನಾ ಎಲ್ಲಿ ಬದುಕಲೋ ಮಗಾ?"

ಮಗ ಜಟ್ಟಿ ಎದೆ ತಟ್ಟಿದ. "ನಾನಿಲ್ವಾ ಅಬ್ಬೆ! ಇದು ಯಾವ ಮಾಯಾವಿಯ ಕೆಲಸವಾದ್ರೂ ಜುಟ್ಟು ಹಿಡಿದು ಎಳ್ಕೊಂಡು ಬರ್ತೆ."

"ಮೊದಲು ನಿನ್ನ ಜುಟ್ಟು ಬಾಚ್ಕೋ," ಅಂದಳು ತಾಯಿ.

ಜಟ್ಟಿ ಧುಮುಕಿದ. ಸಿಹಿಗಣ್ಣಿನ ಬಾಗಿಲಲ್ಲಿ ಬಂಡೆಯಂಥ ಏಡಿ. "ಯಾರೋ ನೀನು?"

"ಜಟ್ಟಿ! ಏಳು ತೆರೆ ಒಂದೇ ಉಸಿರಿಗೆ ದಾಟಿದವ!"

"ಹಾಗಾದರೆ ಈ ಪಾಚಿಯಿಂದ ನನ್ನ ಕಾಲು ಬಿಡಿಸು."

ಜಟ್ಟಿ ಬಿಡಿಸಿದ. ಏಡಿ ಅವನ ತಲೆಗೆ ಗಾಳಿಗುಳ್ಳೆ ತೊಡಿಸಿ ಒಳಗೆ ಬಿಟ್ಟಿತು.

ನೆಲದೊಳಗಿನ ದಾರಿಯಲ್ಲಿ ಕುರುಡು ಬಿಳಿ ಹಾವು. "ಯಾರೋ ನೀನು?"

"ಜಟ್ಟಿ! ಬೆಟ್ಟವನ್ನೇ ಹೊರಬಲ್ಲವ!"

"ಹಾಗಾದರೆ ಈ ರಾಶಿ ಸರಿಸು."

ದಾರಿ ತುಂಬ ಕೊಳೆತ ಮೀನಿನ ಕರುಳು. ಬಗೆಯುತ್ತ ಹೋದಂತೆ ಕೈಗೆ ಒಂದು ಬುಟ್ಟಿ ಸಿಕ್ಕಿತು. ಹಿಡಿಯ ಹಗ್ಗಕ್ಕೆ ಅಡ್ಡಗಂಟು. ಆ ಗಂಟು ಹಾಕುವವನು ಕೇರಿಯಲ್ಲಿ ಜಟ್ಟಿಯೊಬ್ಬನೇ.

ಬುಟ್ಟಿ ಹಿಡಿದ ಜಟ್ಟಿಗೆ ಹಳೆಯದೆಲ್ಲ ನೆನಪಾಯಿತು. ಬೆಟ್ಟದ ಮೇಲಿನ ಮಾಯಾವಿ ಮಸಿಗಡ್ಡ ಕೇರಿಯವರಿಗೆ ಹೇಳಿದ್ದ: "ನನ್ನ ಅಂಗಳದ ಹೊಂಡ ಸೀದಾ ಪಾತಾಳಕ್ಕೆ ಹೋಗುತ್ತದೆ. ನನ್ನ ಕೊಪ್ಪರಿಗೆಯ ಗಸಿ ಇದಕ್ಕೇ ಸುರಿಯುತ್ತೇನೆ. ನಿಮ್ಮ ಮೀನಿನ ಕರುಳನ್ನೂ ಸುರಿಯಿರಿ, ಕಡಲು ಚೊಕ್ಕಟವಾಗಿರುತ್ತದೆ." ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಹೆಚ್ಚು ಬುಟ್ಟಿ ಹೊತ್ತು ಮೀಸೆ ತಿರುವಿದವನು ಜಟ್ಟಿಯೇ!

ಅವನು ಅದೇ ದಾರಿ ಹತ್ತಿ ಹೊಂಡದಿಂದ ಮೇಲೆ ಬಂದ. ಮಸಿಗಡ್ಡ ಮಂತ್ರದ ಕೋಲೆತ್ತಿ ನಕ್ಕ. ಜಂಬ ಕೊಚ್ಚಿದವರನ್ನು ಕಪ್ಪೆ ಮಾಡುವ ಕೋಲು ಅದು. ಅಂಗಳದ ತುಂಬ ಕಪ್ಪೆಗಳು. "ಯಾರೋ ನೀನು?"

ಜಟ್ಟಿ ತಲೆ ತಗ್ಗಿಸಿದ. "ಈ ಹೊಂಡಕ್ಕೆ ಹೊಲಸು ಸುರಿದವ."

ಕೋಲು ಕೆಲಸ ಮಾಡಲಿಲ್ಲ. ಮಸಿಗಡ್ಡ ಬೆಪ್ಪಾದ. ಅಷ್ಟರಲ್ಲಿ ಜಟ್ಟಿ ಕೆಳಗೋಡಿ ಕೇರಿಯವರ ಕಾಲಿಗೆ ಬಿದ್ದ. "ತಪ್ಪಾಯ್ತು. ಇದು ನನ್ನೊಬ್ಬನ ಕೈಲಿ ಆಗೂದಲ್ಲ, ಎಲ್ಲ ಬನ್ನಿ."

"ಈ ಬಾಯಲ್ಲಿ ಇಂಥ ಮಾತೂ ಬರ್ತದಾ!" ಅಂತ ಗಿರಿಯಮ್ಮನೇ ಮೊದಲು ಬುಟ್ಟಿ ಎತ್ತಿದಳು.

ಮೂರು ಹಗಲು ಹೊಂಡ ಬಗೆದು ಬರಿದು ಮಾಡಿದರು, ಜೇಡಿಮಣ್ಣು ಮೆತ್ತಿ ಬಾಯಿ ಮುಚ್ಚಿದರು. ಮಸಿಗಡ್ಡನ ಗಸಿಗೆ ಹೋಗಲು ಜಾಗವಿಲ್ಲದೆ ಕೊಪ್ಪರಿಗೆ ಉಕ್ಕಿ ಅವನನ್ನೇ ನುಂಗಿತು. ಕಪ್ಪೆಗಳು ಮನುಷ್ಯರಾಗಿ ಮನೆಗೆ ಹೋದವು. ಬೆಟ್ಟದ ಮಳೆ ಮಣ್ಣಿನಲ್ಲೇ ಸೋಸಿ ಇಳಿಯಿತು, ಕಣ್ಣು ತಿಳಿಯಾಯಿತು.

ಹುಣ್ಣಿಮೆಯ ಬೆಳಿಗ್ಗೆ ನೀರು ಇಳಿದಾಗ ಗಿರಿಯಮ್ಮ ಮರಳು ತೋಡಿದಳು. ಎಳೆ ಬಳಚೊಂದು ಜಟ್ಟಿಯ ಮುಖಕ್ಕೆ ಪಿಚಕ್ಕನೆ ನೀರು ಹಾರಿಸಿತು. ಕೇರಿಗೆ ಕೇರಿಯೇ ನಕ್ಕಿತು. ರಾಜ ತನ್ನ ಮಾತು ಹಿಂತೆಗೆದುಕೊಂಡ.

ಜಟ್ಟಿ ಕಡಲಿಗೆ ಬೆನ್ನು ಮಾಡಿ ಬೆಟ್ಟಕ್ಕೆ ಕೈ ಮುಗಿದ.

"ಉಣ್ಣಿಸೂದು ಕಡಲಲ್ವೇನೋ? ಅತ್ತ ಯಾಕೆ ಕೈ ಮುಗೀತೆ?"

"ಕಡಲಿಗೆ ಉಣ್ಣಿಸೂದು ಅದು, ಅಬ್ಬೆ."

ಗಿರಿಯಮ್ಮನೂ ತಿರುಗಿ ಕೈ ಮುಗಿದಳು. ಅವಳ ಹಿಂದೆ ಕೇರಿಯೆಲ್ಲ ತಿರುಗಿತು. ಮುಂದೆ ಮೀನೂ ಉಂಡವು, ಜನವೂ ಉಂಡರು, ಶಂಖಾವತಿಯಲ್ಲಿ ಯಾರಿಗೂ ಯಾವ ಕೊರತೆಯೂ ಆಗಲಿಲ್ಲ.