ಇನ್ನೂರ ತೊಂಬತ್ತೊಂಬತ್ತು

"ಒಳಗ ಹೋಗಾವಿದ್ರ ಹೋಗು, ಬಾಳಾ. ಆದ್ರ ಬಾಯಿ ಬಿಚ್ಚಬ್ಯಾಡ. ತೊಲಿಗೆ ತೂಗಬಿಟ್ಟ ಬುರುಡಿ ಮುಟ್ಟಬ್ಯಾಡ."

ಹೇಳಿದವಳು ಎಪ್ಪತ್ತು ದಾಟಿದ ಮಾಣಿಕಬಾಯಿ. ಬಂದ ದನಿ ಮಾತ್ರ ಗಂಡಸಿನದು. ತಂಬಾಕು ಜಗಿದು ಗಡಸಾದ, ಹರೆಯದ ಗಂಡಸಿನ ದನಿ, ಮಾತಿನ ಕೊನೆಗೊಂದು ಕೆಮ್ಮು. ಮಿರಜದ ಹೊರಗೆ, ಹುಣಸೆ ಮರಗಳ ನಡುವೆ ಪಾಳು ಬಿದ್ದಿದ್ದ ಸರದಾರರ ವಾಡೆ ಅದು. ಮುರಿದ ಹೆಬ್ಬಾಗಿಲಿನ ಕಟ್ಟೆಯ ಮೇಲೆ ಅವಳು ಅಲ್ಲೇ ಬೇರು ಬಿಟ್ಟವಳಂತೆ ಕುಳಿತಿದ್ದಳು.

ರೇವಪ್ಪನ ಕಿವಿ ನಿಮಿರಿತು. ಸಾಂಗ್ಲಿ ಪೇಟೆಯಲ್ಲಿ ಅವನಿಗೆ ಅರಿಸಿನದ ಅಂಗಡಿಯಿತ್ತು, ಪುಣೆಯಲ್ಲಿ ಓದಿ ತಂದ ಬಿ.ಎ. ಇತ್ತು, ಜೀವ ಇದ್ದದ್ದು ಬೇರೆ ಎರಡರಲ್ಲಿ. ರವಿವಾರ ಹಾಳು ಗುಡಿ, ಕೋಟೆ, ವಾಡೆಗಳ ಫೋಟೋ ಹಿಡಿಯುವುದು. ಉಳಿದ ಆರು ದಿನ ಸಿಕ್ಕವರ ದನಿ ಹಿಡಿಯುವುದು. ಫೋಟೋಕ್ಕೆ ಬೆಳಕು ಬೇಕು, ಗಾಜಿನ ಪ್ಲೇಟು ಬೇಕು. ದನಿಗೆ ಬಾಯೊಂದೇ ಸಾಕು.

"ಈ ದನಿ ಎಲ್ಲಿಂದ ತಂದ್ರಿ, ಆಯೀ?"

"ಸತ್ತ ನನ್ನ ಗಂಡಂದು. ಲಗ್ನ ಆದ ಹೊಸದಾಗಿ ಚ್ಯಾಷ್ಟಿಗೆ ಅವರನ್ನ ಅಣಕಸ್ತಿದ್ದೆ. ನನ್ನ ದನಿ ಒಳಗ ಹೋತು. ಉಳದದ್ದು ಇದೊಂದ."

ವಾಡೆಯ ಯಜಮಾನ ತನ್ನ ಸೊಸೆಯನ್ನು ಬಾವಿಗೆ ನೂಕಿದ್ದನ್ನು ಆಳಿನ ಹೆಂಗಸೊಬ್ಬಳು ಕಂಡಿದ್ದಳಂತೆ. ದರಬಾರಿಗೆ ಹೋಗಿ ಸಾಕ್ಷಿ ಹೇಳುತ್ತೇನೆಂದು ಹೊರಟಳು. ಯಜಮಾನ ಮಾಂತ್ರಿಕನನ್ನು ಕರೆಸಿ ಬಾಯಿ ಕಟ್ಟುವ ಮಾಟ ಮಾಡಿಸಿದ. ಅವಳ ದನಿಯನ್ನು ಸೋರೆಬುರುಡೆಗೆ ಇಳಿಸಿ, ಬುರುಡೆಯ ಬಾಯಿಗೆ ಅರಗು ಬಡಿದು, ಪಡಸಾಲೆಯ ತೊಲೆಗೆ ತೂಗುಬಿಟ್ಟರು. ಹೆಂಗಸು ಮೂಕಿಯಾಗಿ ಸತ್ತಳು. ಮಾಂತ್ರಿಕ ಸತ್ತ, ವಾಡೆ ಬಿತ್ತು, ಮಾಟ ಮಾತ್ರ ಬೀಳಲಿಲ್ಲ.

"ಅರಗು ಬಿರಕ ಬಿಟ್ಟಾಗ ಯಾರು ಬಾಯಿ ಬಿಚ್ಚತಾರೋ, ಬುರುಡ್ಯಾಗಿಂದು ಅವರ ದನಿ ತುಗೊಂಡು ಅವರ ಮನೀಗೇ ಹೋಗಿ ಕುಂದ್ರತತಿ," ಎಂದಳು ಮಾಣಿಕಬಾಯಿ. "ನನಕಿಂತ ಮದಲ ನನ್ನ ಮನೀಗೆ ಹೋಗಿತ್ತು. ಅದಕ್ಕ ನಾ ಇಲ್ಲೇ ಅದೇನಿ."

ರೇವಪ್ಪ ಗಂಟಲು ಸರಿಮಾಡಿಕೊಂಡ. ಅದೇ ಗಡಸು ದನಿ, ಕೊನೆಯಲ್ಲಿ ಅದೇ ಕೆಮ್ಮು: "ಬುರುಡಿ ಬಗ್ಗೆ ಬುರುಡಿ ಬಿಡಬ್ಯಾಡ್ರಿ, ಆಯೀ!"

ದೂರದಲ್ಲಿ ಕುದುರೆಗೆ ಮೇವು ಹಾಕುತ್ತಿದ್ದ ಟಾಂಗಾದ ಭರಮಣ್ಣ ಗಹಗಹಿಸಿ ನಕ್ಕ. ಮಾಣಿಕಬಾಯಿ ನಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮುಖ ತಿರುಗಿಸಿದಳು.

ಇವತ್ತು ಅವ್ವನಿಗೆ ಇದೇ ದನಿ, ಎಂದುಕೊಂಡ ರೇವಪ್ಪ. ಗುರುಶಾಂತವ್ವನ ಕಣ್ಣು ಹೋಗಿ ಹತ್ತು ವರ್ಷ. ಮಗ ತೆಗೆದ ಒಂದು ಫೋಟೋವನ್ನೂ ಅವಳು ಕಂಡಿಲ್ಲ, ಆದರೂ ಎಲ್ಲವನ್ನೂ ನೋಡಿದ್ದಾಳೆ. ಕಾರ್ಡನ್ನು ಅವಳ ಕೈಗಿಟ್ಟು, ಬೆರಳು ಹಿಡಿದು ಸವರಿಸುತ್ತ ಅವನು ಹೇಳುತ್ತಾನೆ: ಇಲ್ಲಿ ಕಂಬ, ಇಲ್ಲಿ ನೆರಳು, ಇಲ್ಲೊಬ್ಬ ಪೂಜಾರಿ, ಪೂಜಾರಿ ಹಿಂಗ ಸೀನಿದ. ಸಂಜೆ ಮನೆಗೆ ಬಂದಾಗ ಬಾಗಿಲಲ್ಲಿ ದಿನಕ್ಕೊಬ್ಬರ ದನಿಯಲ್ಲಿ ಕರೆಯುತ್ತಾನೆ. ಒಳಗೆ ಅವಳು ಚಿಲಕ ಹಿಡಿದು ನಗುತ್ತಾಳೆ. "ನಿನ್ನ ದನೀಲೆ ಕರಿ. ಅಂದ್ರ ತಗೀತೇನಿ." ಆಟಕ್ಕೆ ಅವಳು ಹಾಕಿದ ಕಟ್ಟು ಒಂದೇ: "ಊರಾಗ ಎಲ್ಲಾರ್ನೂ ಅಣಕಸು. ತೀರಿಹೋದ ನಿಮ್ಮಪ್ಪಾರನ್ನ ಮಾತ್ರ ಬ್ಯಾಡ."

ಹೊರಗೆ ನಡುಮಧ್ಯಾಹ್ನ. ಒಳಗೆ ಒಂದು ಹೆಜ್ಜೆಗೆ ಸಂಜೆ, ಎರಡನೆಯದಕ್ಕೆ ಕಗ್ಗತ್ತಲು. ಬಾವಲಿ ಹಿಕ್ಕೆಯ ಘಾಟು, ಒದ್ದೆ ಸುಣ್ಣದ ವಾಸನೆ, ಅದರ ಅಡಿಯಲ್ಲಿ ಸುಟ್ಟ ಕೂದಲಿನಂಥದೇನೋ. ಪಡಸಾಲೆಯ ಮಾಳಿಗೆ ಒಂದು ಕಡೆ ಕುಸಿದು, ಆ ಕಿಂಡಿಯಿಂದ ಬೆಳಕಿನ ಕೋಲೊಂದು ಕೆತ್ತನೆಯ ಕಂಬಕ್ಕೆ ಒರಗಿತ್ತು. ಎಂಥ ಚಿತ್ರ! ಆದರೆ ಕಂಬಕ್ಕೆ ಸರಿಯಾಗಿ ಅಡ್ಡ, ತಂಬೂರಿಗೆ ಆಗುವಷ್ಟು ದೊಡ್ಡ ಬುರುಡೆ ತೂಗುತ್ತಿತ್ತು. ಗಾಳಿಯಿರಲಿಲ್ಲ. ತೂಗುತ್ತಿತ್ತು.

ಫೋಟೋಕ್ಕೆ ಅಡ್ಡ ಬಂದದ್ದನ್ನು ಸರಿಸುವುದು ಅವನ ರೂಢಿ. ಹಗ್ಗ ಬಿಚ್ಚಿ ಬುರುಡೆಯನ್ನು ಕೆಳಗಿಟ್ಟ. ಅರಗಿನಲ್ಲಿ ಹೆಂಗಸಿನ ಉದ್ದ ಕೂದಲು ಹುದುಗಿತ್ತು. ನೆಲಕ್ಕೆ ತಾಗಿದಾಗ 'ಟಿಕ್' ಎಂದಿತು. ಅಷ್ಟೇ, ಉಗುರಿನಷ್ಟು ಬಿರುಕು.

ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಪ್ಲೇಟು ಹಾಕಿ, ಲೆನ್ಸಿನ ಮುಚ್ಚಳ ತೆಗೆದ. ಈ ಕತ್ತಲಿಗೆ ಮುನ್ನೂರು ಎಣಿಸುವ ತನಕ ತೆರೆದಿಡಬೇಕು. ಎಣಿಸುವುದು ಗಟ್ಟಿಯಾಗಿಯೇ, ಬೇಸರ ಬಾರದಂತೆ ಐವತ್ತಕ್ಕೊಂದು ದನಿ. ಮೊದಲ ಐವತ್ತು ಕಾಲೇಜಿನ ಸಂಸ್ಕೃತ ಮಾಸ್ತರರ ಮೂಗಿನಲ್ಲಿ. ಮುಂದಿನದು ಭರಮಣ್ಣನ ಬೀಡಿ ದನಿಯಲ್ಲಿ. ಆಮೇಲೆ ನೆರೆಮನೆಯ ಕೃಷ್ಣವ್ವನ ರಾಗದಲ್ಲಿ, ಹಾಲಿನ ಪಾಯಪ್ಪನ ತೊದಲಿನಲ್ಲಿ, ಮಾಣಿಕಬಾಯಿಯ ಗಡಸಿನಲ್ಲಿ. ಇನ್ನೂರ ಐವತ್ತೊಂದರಿಂದ ತನ್ನ ಸ್ವಂತ ದನಿ.

ಇನ್ನೂರ ಎಂಬತ್ತರ ಹೊತ್ತಿಗೆ ಪಡಸಾಲೆ ಮರುದನಿ ಕೊಡತೊಡಗಿತು. ಹಳೇ ಕಟ್ಟಡ, ಕೊಡಲಿ.

ಇನ್ನೂರ ಎಂಬತ್ತೇಳು, ಎಂದ.

'ಇನ್ನೂರ ಎಂಬತ್ತೆಂಟು,' ಎಂದಿತು ಮರುದನಿ. ಅವನಿಗಿಂತ ಮೊದಲು.

ರೇವಪ್ಪ ಬಾಯಿ ತೆರೆದ. ಗಂಟಲಿನಲ್ಲಿ ಗಾಳಿ ಓಡಾಡಿತು. ದನಿ ಇಲ್ಲ. ಎಣಿಕೆ ಮಾತ್ರ ನಡೆದಿತ್ತು. ಅವನದೇ ದನಿ. ಬುರುಡೆಯ ಬಿರುಕಿನಿಂದ. ತೊಂಬತ್ತು. ತೊಂಬತ್ತೊಂದು. ಬಾಯಿ ಮುಚ್ಚಿದ. ನಿಲ್ಲಲಿಲ್ಲ. ಕಿವಿ ಮುಚ್ಚಿದ. ನಿಲ್ಲಲಿಲ್ಲ. ಈಗ ಅದು ಬುರುಡೆಯಲ್ಲಿರಲಿಲ್ಲ. ಬೆನ್ನ ಹಿಂದೆ. ಕಿವಿಯ ಹತ್ತಿರ. ಬಾಗಿಲ ಕಡೆ. 'ಇನ್ನೂರ ತೊಂಬತ್ತೊಂಬತ್ತು,' ಎಂದಿತು, ಹೊಸ್ತಿಲಾಚೆಯಿಂದ.

ಮುನ್ನೂರು ಎನ್ನಲಿಲ್ಲ. ಹೊರಟುಹೋಗಿತ್ತು.

ಅವನು ಓಡಿದ. ಕ್ಯಾಮೆರಾ ಅಲ್ಲೇ ಉಳಿಯಿತು, ಕಣ್ಣು ತೆರೆದುಕೊಂಡು. ಕಟ್ಟೆಯ ಮೇಲೆ ಮಾಣಿಕಬಾಯಿ ಅವನನ್ನು ನೋಡಿದಳು, ಬರೀ ತಲೆಯಾಡಿಸಿದಳು, ಬಿರುಕು ಮುಚ್ಚಲು ಅರಗಿನ ತುಂಡು ಹುಡುಕಿಕೊಂಡು ಒಳಗೆ ನಡೆದಳು.

"ಭರಮಣ್ಣಾ, ಲಗೂನ ಹೊಡಿ! ಅವ್ವ ಒಬ್ಬಾಕಿನ ಅದಾಳ!" ಎಂದ ರೇವಪ್ಪ. ಬಂದದ್ದು ಭರಮಣ್ಣನದೇ ದನಿ.

ಭರಮಣ್ಣ ಹೊಟ್ಟೆ ಹಿಡಿದು ನಕ್ಕ. "ನನ್ನ ದನೀಲೆ ನನಗ ಹುಕುಮ್ ಏನ್ರಿ, ಸಾಹುಕಾರ್ರ! ಭಲೇ, ಬೀಡಿ ವಾಸನೀನೂ ಬಂದಂಗಾತ್ರಿ."

ರೇವಪ್ಪ ಅವನ ಕೈ ಹಿಡಿದ, ಗಂಟಲು ತೋರಿಸಿದ, ಕಣ್ಣೀರು ಹಾಕಿದ. ಬಂದ ದನಿಗಳೆಲ್ಲ ಮಾಸ್ತರರದು, ಪಾಯಪ್ಪನದು. ಅವನು ಹೆಚ್ಚು ಅಂಗಲಾಚಿದಷ್ಟೂ ಭರಮಣ್ಣ ಹೆಚ್ಚು ನಕ್ಕ. ಸಾಂಗ್ಲಿ ಒಂದು ಸಂಸ್ಥಾನ, ಮಿರಜ ಇನ್ನೊಂದು. ನಡುವಿನ ಆರು ಮೈಲಿಯಲ್ಲಿ ರಾಜ್ಯ ಬದಲಾಯಿತು, ನಗೆ ಬದಲಾಗಲಿಲ್ಲ.

ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಚಿಲಕ. ಒಳಗೆ ಅವ್ವನ ನಗು. ನಗುವಿನ ನಡುವೆ ರೇವಪ್ಪನ ದನಿ.

ಅವನು ಬಾಗಿಲು ಬಡಿದ. "ಅವ್ವಾ!" ಕೃಷ್ಣವ್ವನ ದನಿ ಬಂತು. ನಿಜವಾದ ಕೃಷ್ಣವ್ವ ಪಕ್ಕದ ಕಟ್ಟೆಯಿಂದ ಇಣುಕಿದಳು. "ಸಾಕು ಬಿಡೋ ಮಾರಾಯಾ, ದಿನಾ ನಾನ ಸಿಕ್ಕೇನೇನು ಅಣಕಸಾಕ? ಅಯ್ಯ, ಹೊರಗ ನಿಂತು ಒಳಗ ಮಾತಾಡಿದಂಗ ಕೇಳಸ್ತಿಯಲ್ಲೋ! ಯಾವಾಗ ಕಲ್ತಿ ಈ ಆಟಾ?" ಅವಳು ಚಪ್ಪಾಳೆ ತಟ್ಟಿ, ನಗುತ್ತಲೇ ಒಳಗೆ ಹೋದಳು.

ರೇವಪ್ಪ ಕಿಟಕಿಗೆ ಓಡಿದ. ಸರಳುಗಳ ಆಚೆ ಗುರುಶಾಂತವ್ವ ಚಾಪೆಯ ಮೇಲೆ ಕುಳಿತಿದ್ದಳು. ಕೈಯಲ್ಲಿ ಬರಿಯ ಬಿಳಿ ಕಾರ್ಡು. ಪಕ್ಕದಲ್ಲಿ ಯಾರೂ ಇಲ್ಲ. ಆದರೆ ಅವಳ ಬೆರಳು ಯಾರೋ ಹಿಡಿದು ನಡೆಸಿದಂತೆ ಸರಿಯುತ್ತಿತ್ತು.

"ಇಲ್ಲಿ ಗ್ವಾಡಿ, ಅವ್ವಾ. ಇಲ್ಲಿ ಕಿಟಕಿ. ಇಲ್ಲೊಬ್ಬಾಂವ ನಿಂತಾನ ನೋಡು, ಸರಳು ಹಿಡಕೊಂಡು."

"ಯಾರಪಾ ಅಂವ?"

"ಯಾರೋ ಹೊರಗಿನಾಂವ. ಬಾಯಿ ತಗದಾನ. ದನಿ ಇಲ್ಲ."

ರೇವಪ್ಪ ಸರಳುಗಳನ್ನು ಗಡಗಡ ಅಲುಗಿಸಿದ. ಅವ್ವ ಬೆಚ್ಚಿ ಎದ್ದಳು; ತಡವರಿಸುತ್ತ ಸದ್ದಿನ ಕಡೆ ಬಂದಳು. ಅವನು ಕೈ ತೂರಿಸಿ ಅವಳ ಕೈ ಹಿಡಿದ, ತನ್ನ ಮುಖಕ್ಕೆ ಒತ್ತಿಕೊಂಡ. ಬೆರಳುಗಳು ಹಣೆಯ ವಿಭೂತಿ ಸವರಿದವು. ಮೂಗು. ಎಳೆತನದಲ್ಲಿ ಬಿದ್ದು ಗದ್ದದಲ್ಲಿ ಉಳಿದ ಗಾಯದ ಕಲೆ. ಅಲ್ಲಿ ನಿಂತವು.

"ರೇವೂ?"

"ನಾ ಇಲ್ಲೇ ಅದೇನಲ್ಲ, ಅವ್ವಾ," ಎಂದಿತು ಅವಳ ಬೆನ್ನ ಹಿಂದಿನ ದನಿ, ಮೆಲ್ಲಗೆ.

ಅವಳು ಕೈ ತೆಗೆಯಲಿಲ್ಲ. ಕುರುಡು ಕಣ್ಣುಗಳು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಹೊರಳಿದವು. "ಯಾವಾಂವ ಖರೇ? ನಿನ್ನ ದನೀಲೆ ಕರಿ, ಮಗಾ," ಎಂದಳು ಕೈಯಲ್ಲಿದ್ದ ಮುಖಕ್ಕೆ. "ಒಂದಸಲ. ಅಂದ್ರ ತಗೀತೇನಿ."

ರೇವಪ್ಪ ಮೈಯ ಬಲವನ್ನೆಲ್ಲ ಗಂಟಲಿಗೆ ತಂದ. ಒಂದೇ ಒಂದು 'ಅವ್ವಾ'. ತನ್ನದು. ಹರಿದದ್ದಾದರೂ ಸರಿ, ತನ್ನದು. ಒಳಗೆಲ್ಲ ತಡಕಾಡಿದ. ಮಾಸ್ತರರಿದ್ದರು, ಪಾಯಪ್ಪನಿದ್ದ, ಮುದುಕಿಯಿದ್ದಳು. ಎಲ್ಲರನ್ನೂ ಹಿಂದಕ್ಕೆ ನೂಕಿದ. ತಳದಲ್ಲಿ ಏನೋ ಉಳಿದಿತ್ತು. ಬೆಚ್ಚಗಿತ್ತು, ಗುರುತಿನದಿತ್ತು. ತನ್ನದೇ ಎಂದು ಹಿಡಿದೆಳೆದ.

"ಏ, ಕೇಳಿಲ್ಲೆ... ಬಾಗಲಾ ತಗಿ."

ಅಪ್ಪನ ದನಿ.

ಕೆಂಡ ಮುಟ್ಟಿದವಳಂತೆ ಗುರುಶಾಂತವ್ವ ಕೈ ಕಿತ್ತುಕೊಂಡಳು. ಅವಳ ಮುಖದಲ್ಲಿದ್ದ ಕೊನೆಯ ಅನುಮಾನ ಆರಿಹೋಯಿತು. "ಅದೊಂದನ್ನ ನನ್ನ ಮಗಾ ಎಂದೂ ಮಾಡಾಂವಲ್ಲ," ಎಂದಳು, ಉಸಿರಿನಷ್ಟು ಮೆಲ್ಲಗೆ.

"ಮುಚ್ಚು, ಅವ್ವಾ," ಎಂದಿತು ಒಳಗಿನ ದನಿ.

ಅವಳು ಕಿಟಕಿಯ ಕದಗಳನ್ನು ಎಳೆದಳು. ಬೆಳಕಿನ ಗೆರೆ ಸಣ್ಣದಾಯಿತು. ಕೂದಲೆಳೆಯಾಯಿತು. ಹೋಯಿತು.

ಕದದ ಆಚೆ, ಅವನದೇ ದನಿ, ನಿಶ್ಚಿಂತೆಯಿಂದ:

"ಮುನ್ನೂರು."