ಗಂಜಿ ಉಂಡ ಗಿಡ್ಡ ಗಿಟಾರು

"ತಂತಿಗೆ ಯಾರರೆ ಗಂಜಿ ಹಚ್ಚತಾರೇನ್ರೀ?"

ನಾಮದೇವನ ದನಿ ಬನಹಟ್ಟಿಯ ಆ ಓಣಿಯ ಮಗ್ಗಗಳ ಸದ್ದನ್ನೂ ಮೀರಿ ಕೇಳಿತು. ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದ ಶೇವಂತಿ ಕೈಗಳನ್ನು ಸೆರಗಿನಡಿ ಅಡಗಿಸಿದಳು.

ಅವಳು ಮಾಡಿದ್ದು ಒಳ್ಳೆಯದಕ್ಕೇ. ನೇಕಾರರ ಮನೆಯ ಹುಡುಗಿ. ನೂಲು ಒರಟಾದರೆ ಗಂಜಿ ಹಚ್ಚಿ ಒಣಗಿಸಬೇಕು, ಇಲ್ಲದಿದ್ದರೆ ಮಗ್ಗದ ಮೇಲೆ ಹರಿಯುತ್ತದೆ ಎಂಬುದನ್ನು ಅಂಬೆಗಾಲಿಡುವಾಗಲೇ ಕಲಿತವಳು. ಓಣಿಯ ಗಣಪತಿ ಹಬ್ಬಕ್ಕೆಂದು ಜಮಖಂಡಿಯ ಆರ್ಕೆಸ್ಟ್ರಾದವರು ಶ್ರಾವಣದಿಂದಲೇ ಇವಳ ಮನೆಯಲ್ಲಿ ತಾಲೀಮು ನಡೆಸಿದ್ದರು. ನಿನ್ನೆ ಸಂಜೆ ಸಾಮಾನು ಇಲ್ಲೇ ಬಿಟ್ಟು ಬಸ್ಸು ಹತ್ತಿದ್ದರು. ನಾಮದೇವನ ಕೆಂಪು ಬೇಸ್ ಗಿಟಾರಿನ ದಪ್ಪ ತಂತಿಗಳ ಮೇಲೆ ಶೇವಂತಿ ಸುಮ್ಮನೆ ಬೆರಳಾಡಿಸಿದಳು. ಗರಗಸದ ಹಾಗೆ ಕೊರೆದವು. ನುಡಿಸುವವನ ಬೆರಳು ನೆನಪಾಗಿ ಅಯ್ಯೋ ಪಾಪ ಅನ್ನಿಸಿತು. ಹಚ್ಚಿಬಿಟ್ಟಳು.

"ಭಾಳ ಒರಟ ಆಗಿದ್ವು. ನಿಮ್ಮ ಬೆರಳು ಕೊಯ್ದಾವು ಅಂತ..."

ನಾಮದೇವ ಕತ್ತೆತ್ತಿ ನೋಡಿದ. ಎತ್ತಲೇಬೇಕಿತ್ತು. ಶೇವಂತಿ ಆ ಓಣಿಗೇ ಎತ್ತರದ ಹುಡುಗಿ. 'ಅಟ್ಟದ ಮ್ಯಾಲಿನ ಡಬ್ಬಿ ಇಳಸಾಕ ಏಣಿ ಯಾಕ, ಶೇವಂತೀನ ಕರೀರಿ' ಎಂದು ಜನ ನಗುತ್ತಿದ್ದರು. ಆ ನಗೆಗೆ ಅಂಜಿ ಅಂಜಿ ಅವಳಿಗೆ ಬೆನ್ನು ಬಗ್ಗಿಸಿ ನಡೆಯುವುದೇ ರೂಢಿಯಾಗಿತ್ತು. ನೀರಾವರಿ ಕಚೇರಿಯ ಗುಮಾಸ್ತ ನಾಮದೇವನೋ, ನೆಟ್ಟಗೆ ನಿಂತರೂ ಅವಳ ಭುಜಕ್ಕೆ ಬರುತ್ತಿದ್ದ.

ಅವನು ಸಿಟ್ಟಿನಲ್ಲೇ ವೈರು ಸಿಗಿಸಿ ತಂತಿ ಮೀಟಿದ.

ದುಂ.

ನಿನ್ನೆಯ ಝಣಝಣ ಮಾಯವಾಗಿತ್ತು. ದುಂಡನೆಯ, ಮೆತ್ತನೆಯ ದನಿಯೊಂದು ನೆಲದಲ್ಲಿ ಹಾದು ಬಂದು ಶೇವಂತಿಯ ಬರಿಗಾಲಿಗೆ ತಾಗಿತು. ನಾಮದೇವ ಇನ್ನೊಮ್ಮೆ ಮೀಟಿದ. ಹುಬ್ಬು ಸಡಿಲಾಯಿತು. ತುಟಿಯ ಒಂದೇ ತುದಿಯಲ್ಲಿ ನಗು ಮೂಡಿತು, ಇನ್ನೊಂದು ತುದಿ ಇನ್ನೂ ಸಿಟ್ಟಿನಲ್ಲೇ ಇತ್ತು.

"ಗಂಜಿ ಇನ್ನೂ ಉಳದೈತೇನ್ರಿ?" ಎಂದ.

ಶೇವಂತಿ ಅಂದೇ ಸೋತಳು.

ಆಮೇಲಿನ ದಿನಗಳಲ್ಲಿ ತಾಲೀಮು ಮುಗಿದಾಗಲೆಲ್ಲ ನಾಮದೇವನ ಬಸ್ಸು ತಪ್ಪತೊಡಗಿತು. ಚಹದ ಕಪ್ಪು ಕೊಡುವಾಗ ಬೆರಳು ತಾಗುತ್ತಿತ್ತು; ತಾಗಲೇ ಇಲ್ಲವೆಂಬಂತೆ ಇಬ್ಬರೂ ಗೋಡೆ ನೋಡುತ್ತಿದ್ದರು.

"ಇಷ್ಟು ಸಣ್ಣ ಗಿಟಾರ ಯಾಕ್ರಿ? ಉಳಿದವರದು ಮಾರುದ್ದ ಇರತಾವಲ್ಲ?" ಒಂದು ಸಂಜೆ ಅವಳು ಕೇಳಿದಳು.

"ಮುಂಬೈದಾಗ ಹಳೇ ಸಾಮಾನಿನ ಅಂಗಡ್ಯಾಗ ಮೂಲಿಗೆ ಬಿದ್ದಿತ್ತು. ನಾವಿಬ್ಬರೂ ಗಿಡ್ಡ ನೋಡ್ರಿ, ಕೂಡ್ಲೇ ಗುರುತು ಹತ್ತಿತು." ಅವನು ಗಿಟಾರಿನ ಬಣ್ಣ ಹೋದ ಅಂಚು ಸವರಿದ. "ಉದ್ದಂದರಾಗ ತಂತಿ ಬಿಗೀ ಇರತಾವ. ಇದರ ತಂತಿ ಗಿಡ್ಡ, ಅದಕ್ಕ ಸ್ವಲ್ಪ ಸಡಿಲ. ಮೆತ್ತಗ ಮುಟ್ಟಿದ್ರೂ ಹೊಟ್ಯಾಗಿಂದ ಮಾತಾಡತೈತಿ. ನನ್ನ ಬೆರಳಿಗೆ ಎಲ್ಲಾ ಸ್ವರದ ಮನಿ ಸಿಗತಾವ."

ಅವಳು ನೋಡಲು ಬಗ್ಗಿದಳು. ಅವನು ತಡೆದ.

"ನನ್ನ ಸಲುವಾಗಿ ಬಗ್ಗಬ್ಯಾಡ್ರಿ. ನೆಟ್ಟಗ ನಿಂತ್ರ ಎಷ್ಟು ಚಂದ ಕಾಣತೀರಿ ಗೊತ್ತೈತೇನು? ನನಗ ಮ್ಯಾಲ ನೋಡೂದು ರೂಢಿ ಐತಿ."

ಆ ರಾತ್ರಿ ಶೇವಂತಿ ಕನ್ನಡಿಯ ಮುಂದೆ ನೆಟ್ಟಗೆ ನಿಂತಳು. ಕನ್ನಡಿಯಲ್ಲಿ ಹಣೆ ಕಾಣಲಿಲ್ಲ. ಕಾಣದಿದ್ದರೆ ಬಿಡಲಿ ಅಂದುಕೊಂಡಳು. ಮರುದಿನ ನೀರಿಗೆ ಹೋದಾಗ ಓಣಿಯೆಲ್ಲ ತಿರುಗಿ ನೋಡಿತು, ಅವಳು ಬಗ್ಗಲಿಲ್ಲ.

ಆದರೆ ಗೋಡೆಗೂ ಕಿವಿ ಇರುತ್ತದಲ್ಲ, ಮಾತು ಅಪ್ಪ ಶಿವಯೋಗೆಪ್ಪನಿಗೆ ಮುಟ್ಟಿತು. ಅವನು ಕೆಟ್ಟವನಲ್ಲ, ಬಾಯಿ ಮಾತ್ರ ಸಡಿಲು. ಹಬ್ಬದ ಹಿಂದಿನ ದಿನ ಪಡಸಾಲೆಯಲ್ಲಿ ಕುಳಿತು ಹೆಂಡತಿ ತಾಯವ್ವನಿಗೆ ಹೇಳಿ ನಕ್ಕ:

"ಹುಡುಗ ಛಲೋ ಅದಾನ, ನೌಕರಿನೂ ಐತಿ. ಆದ್ರ ಮದುವ್ಯಾಗ ನಡುವ ಅಂತರಪಟ ಹಿಡದ್ರ ಅದರ ಮ್ಯಾಲ ನಿನ್ನ ಮಗಳ ಮಾರಿ ಕಾಣತೈತಿ, ಇವಂದು ಪೇಟಾನೂ ಕಾಣಂಗಿಲ್ಲ! ಊರು ನಕ್ಕೀತು. ಆಗೂದಲ್ಲ ಬಿಡು."

ಹೊರಗೆ ಚಪ್ಪಲಿ ಬಿಡುತ್ತಿದ್ದ ನಾಮದೇವ ಅದೆಲ್ಲ ಕೇಳಿಸಿಕೊಂಡ. ಚಪ್ಪಲಿ ಮತ್ತೆ ಮೆಟ್ಟಿಕೊಂಡು ಹೋದ. ಒಳಬಾಗಿಲಲ್ಲಿ ನಿಂತಿದ್ದ ಶೇವಂತಿಗೆ ಅವನ ಬೆನ್ನಷ್ಟೇ ಕಂಡಿತು.

ಹಬ್ಬದ ಸಂಜೆ ಅವನು ಬಂದಾಗ ಅವಳಿಗೆ ಗುರುತೇ ಸಿಗಲಿಲ್ಲ. ಎತ್ತರ ಹಿಮ್ಮಡದ ಬೂಟು. ಹೆಗಲಿಗೆ ಮೀರಜದ ಗೆಳೆಯನಿಂದ ಎರವಲು ತಂದ ಮಾರುದ್ದದ ಗಿಟಾರು. ಕೆಂಪು ಗಿಟಾರು ಶೇವಂತಿಯ ಮನೆಯ ಗೂಟದಲ್ಲೇ ತೂಗುತ್ತಿತ್ತು.

"ಯಾಕ್ರಿ ಇದು?"

"ಎದ್ದು ಕಾಣಬೇಕಲ್ರಿ," ಎಂದ, ಅವಳ ಮುಖ ನೋಡದೆ.

ಟೇಪ್ ರೆಕಾರ್ಡರ್ ಇದ್ದ ಮನೆಯೇ ದೊಡ್ಡ ಮನೆ ಅನ್ನಿಸಿಕೊಳ್ಳುತ್ತಿದ್ದ ಕಾಲ ಅದು. ಆರ್ಕೆಸ್ಟ್ರಾ ಎಂದರೆ ರಬಕವಿಯಿಂದ, ತೇರದಾಳದಿಂದ ಜನ ಬಂದು ಮನೆಯೆದುರಿನ ಪೆಂಡಾಲು ತುಂಬಿತ್ತು. ಮೊದಲ ಹಾಡಿಗೇ ಎಡವಟ್ಟಾಯಿತು. ಉದ್ದ ಗಿಟಾರಿನ ಮೇಲೆ ನಾಮದೇವನ ಬೆರಳು ಸ್ವರಕ್ಕೆ ಎಟುಕಲಿಲ್ಲ. ಒಂದೆರಡು ಸಲ ಬೂಟು ವಾಲಿತು. ಹಾಡುಗಾರ ತಿರುಗಿ ಗುರಾಯಿಸಿದ. ಎರಡನೆಯ ಹಾಡಿಗೆ ಜನ ಸೀಟಿ ಹೊಡೆದರು. ಮುಂದಿನ ಕುರ್ಚಿಯಲ್ಲಿದ್ದ ಶಿವಯೋಗೆಪ್ಪ ತಲೆ ಅಲ್ಲಾಡಿಸಿದ.

ಇವತ್ತು ತಲೆ ತಗ್ಗಿಸಿ ಇಳಿದರೆ ನಾಮದೇವ ಮತ್ತೆ ಈ ಓಣಿಗೆ ಕಾಲಿಡುವುದಿಲ್ಲ, ಶೇವಂತಿಗೆ ಖಾತ್ರಿಯಿತ್ತು. ಹೆಂಗಸರ ಸಾಲಿನಿಂದ ಎದ್ದಳು. ತಾಯವ್ವ ಸೆರಗು ಹಿಡಿದಳು. "ಎಲ್ಲಿಗೆ ಬೇ?"

"ಬಂದೆ ತಡಿಯವ್ವಾ."

ಓಡಿ ಹೋಗಿ ಗೂಟದಿಂದ ಕೆಂಪು ಗಿಟಾರು ಇಳಿಸಿ ತಂದಳು. ಹಾಡು ಮುಗಿದು ಸದ್ದಡಗಿದ ಹೊತ್ತಿಗೆ, ಇಡೀ ಊರಿನ ಎದುರು, ಅಪ್ಪನ ಎದುರು, ನೆಟ್ಟಗೆ ನಡೆದು ಸ್ಟೇಜು ಹತ್ತಿದಳು.

"ತಗೋರಿ."

"ಶೇವಂತಿ, ಎಲ್ಲಾರೂ ನೋಡಾಕತ್ತಾರ."

"ನೋಡ್ಲಿ. ಎತ್ತರ ಇದ್ದಾಕಿ, ನಾ ಯಾವಾಗ್ಲೂ ಎಲ್ಲಾರಿಗೂ ಕಾಣತೇನಿ." ಅವಳು ಗಿಟಾರನ್ನು ಅವನತ್ತ ಚಾಚಿದಳು. "ಬಗ್ಗಬ್ಯಾಡ ಅಂದವರು ನೀವು. ನಾ ನೆಟ್ಟಗ ನಿಂತೆ. ಈಗ ನೀವು ಬೂಟಿನ ಮ್ಯಾಲ ಹತ್ತಿ ನಿಂತ್ರ ನಾ ಮತ್ತ ಬಗ್ಗಬೇಕಾಗತೈತಿ. ನನಗ ಉದ್ದನವ ಬ್ಯಾಡ್ರಿ. ನೀವ ಬೇಕು."

ಮೈಕು ಹತ್ತಿರವೇ ಇತ್ತು. ಕೊನೆಯ ಮಾತು ಪೆಂಡಾಲಿನ ಕಟ್ಟಕಡೆಯ ಕಂಬದವರೆಗೂ ಕೇಳಿತು.

ನಾಮದೇವ ಬೂಟು ಬಿಚ್ಚಿ ಪಕ್ಕಕ್ಕಿಟ್ಟ. ಬರಿಗಾಲಲ್ಲಿ ನಿಂತು ಕೆಂಪು ಗಿಟಾರು ಕೊರಳಿಗೆ ಹಾಕಿಕೊಂಡ.

ದುಂ. ದುಂ. ದುದುಂ.

ಆ ದನಿಗೆ ಪೆಂಡಾಲೇ ಎದ್ದು ಕುಳಿತಂತಾಯಿತು. ಡ್ರಮ್ಮಿನವನು ನಗುತ್ತ ಸೇರಿಕೊಂಡ, ಹಾಡುಗಾರನ ಕೊರಳು ಬಿಚ್ಚಿತು. ಸೀಟಿ ಮತ್ತೆ ಬಂತು, ಈ ಸಲ ಮೆಚ್ಚುಗೆಗೆ. ಶೇವಂತಿ ಸ್ಟೇಜಿನ ಅಂಚಿನಿಂದ ಅಪ್ಪನನ್ನೇ ನೋಡುತ್ತಿದ್ದಳು. ಮುಖ ಗಂಟಿಕ್ಕಿಯೇ ಇತ್ತು. ಕಾಲು ಮಾತ್ರ ಮಗ್ಗದ ತುಳಿಹಲಗೆ ಒತ್ತುವ ಹಾಗೆ ತಾಳಕ್ಕೆ ಸರಿಯಾಗಿ ಕುಣಿಯುತ್ತಿತ್ತು.

ಹಾಡು ಮುಗಿದಾಗ ಅವನು ಎದ್ದು ಸ್ಟೇಜಿನ ಬಳಿ ಬಂದ.

"ಮೂರ್ತಿ ಸಣ್ಣದಾದ್ರೂ ಕೀರ್ತಿ ದೊಡ್ಡದು ಬಿಡಪಾ," ಎಂದ ಶಿವಯೋಗೆಪ್ಪ. ಆಮೇಲೆ ಗಂಟಲು ಸರಿಮಾಡಿಕೊಂಡ. "ನಿನ್ನೆ ಒಂದು ಮಾತು ಆಡಿದ್ದೆ, ನಿನ್ನ ಕಿವಿಗೆ ಬಿದ್ದಿರಬೇಕು. ಮನಸ್ನ್ಯಾಗ ಇಟ್ಕೋಬ್ಯಾಡ. ನಾ ನೇಕಾರ ಅದೇನಿ ತಮ್ಮಾ. ಅಂತರಪಟ ಸಾಲಂಗಿಲ್ಲಂದ್ರ ಒಂದು ಮೊಳ ಹೆಚ್ಚಿಗಿ ನೇಯತೇನಿ, ಅಷ್ಟ!"

ನಾಮದೇವ ಸ್ಟೇಜಿನಿಂದ ಇಳಿದು, ಗಿಟಾರು ಸಮೇತ ಬಗ್ಗಿ ಅವನ ಕಾಲು ಮುಟ್ಟಿದ.

ಅಪ್ಪ ನುಡಿದಂತೆ ನೇಯ್ದ. ಮದುವೆಯ ದಿನ ಹಳದಿ ಅಂಚಿನ ಆ ಅಂತರಪಟದ ಹಿಂದೆ ಶೇವಂತಿ ನೆಟ್ಟಗೆ ನಿಂತಿದ್ದಳು. ಬಟ್ಟೆ ಅವಳ ಬಾಸಿಂಗಕ್ಕಿಂತ ಮೇಲಿತ್ತು. ಆಚೆಯಿಂದ ಪಿಸುಮಾತು ಬಂತು.

"ಭಾಳ ಬಿರುಸಾಗೈತಿ. ಇದಕ್ಕೂ ಗಂಜಿ ನೀವ ಹಚ್ಚೀರೇನ್ರಿ?"

"ಹೂಂ. ಸುಮ್ನ ನಿಂದರ್ರಿ, ಭಟ್ಟರು ನೋಡಾಕತ್ತಾರ."

ಅಕ್ಕಿಕಾಳು ಬಿದ್ದವು. ಅಂತರಪಟ ಸರಿಯಿತು. ನಾಮದೇವ ಕತ್ತೆತ್ತಿ ನೋಡಿದ, ಮೊದಲ ದಿನದ ಹಾಗೆಯೇ. ಶೇವಂತಿ ಬಗ್ಗಲಿಲ್ಲ.