ಫಾಂಗ್ ಮನೆಯ ಮಗಳ ಕಲ್ಲು

ನಾನು ಚೀನಾದ ಹುಯಿಝೌ ಸೀಮೆಯ ಕಲ್ಲುಕುಟಿಗ. ಗಂಡ ಸತ್ತ ಮೇಲೆ ಅನ್ನನೀರು ಬಿಟ್ಟು ಪ್ರಾಣ ತ್ಯಜಿಸಿದಳೆಂದು ಹತ್ತೊಂಬತ್ತು ವರ್ಷದ ಸೊಸೆಗೆ ವಾಂಗ್ ಮನೆತನದವರು ಪತಿವ್ರತೆಯೆಂಬ ಗೌರವಕ್ಕೆ ಕಲ್ಲಿನ ಕಮಾನು ಕಟ್ಟಿಸುತ್ತಿದ್ದರು. ಚಕ್ರವರ್ತಿಯ ಅಪ್ಪಣೆಯೂ ಬಂದಿತ್ತು. ಅಕ್ಷರ ಕೆತ್ತುವ ಕೆಲಸ ನನ್ನದು.

"ಹುಡುಗಿ ಹೆಸರೇನು ಯಜಮಾನ್ರೇ?" ಎಂದು ಅವಳ ಮಾವನನ್ನು ಕೇಳಿದೆ.

"ಹೆಸರ್ಯಾಕೆ? ಫಾಂಗ್ ಮನೆ ಮಗಳು, ವಾಂಗ್ ಮನೆ ಸೊಸೆ ಅಂತ ಹಾಕು. 'ಸ್ವಇಚ್ಛೆಯಿಂದ' ಅನ್ನೋದು ಮಾತ್ರ ದೊಡ್ಡದಾಗಿರ್ಲಿ."

ಬೇಸಿಗೆಯ ನಡು ಮಧ್ಯಾಹ್ನ, ವಾಂಗ್ ಮನೆಯ ಅಂಗಳದಲ್ಲಿ ಕೆಲಸಕ್ಕೆ ಕೂತೆ. ಕಲ್ಲು ಕೈ ಸುಡುವಂತೆ ಕಾದಿತ್ತು. ಆ ಪದ ಬರಬೇಕಾದ ಜಾಗ ಮಾತ್ರ ಬಾವಿಯ ಒಳಗೋಡೆಯಂತೆ ತಣ್ಣಗಿತ್ತು. ಉಳಿಗೆ ಒಂದು ಪೆಟ್ಟು ಹಾಕಿದೆ. ಕಲ್ಲಿನೊಳಗಿಂದ ಮೂರು ಪೆಟ್ಟು ಕೇಳಿಸಿತು, ಯಾರೋ ಬಾಗಿಲು ಬಡಿದ ಹಾಗೆ. ಕೈ ನಿಲ್ಲಿಸಿದೆ. ಮತ್ತೆ ಮೂರು.

ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಹುಡುಗಿಯ ಅತ್ತೆ ತಲೆ ಎತ್ತಲಿಲ್ಲ. "ಚಿಲಕ ತೆಗೀಬೇಡಿ," ಎಂದಳು, ದಿನವೂ ಹೇಳಿ ರೂಢಿಯಾದ ದನಿಯಲ್ಲಿ. "ಇನ್ನೊಂದೆರಡು ದಿನ, ತಾನೇ ಸುಮ್ಮನಾಗ್ತಾಳೆ."

ಮಾವ ನನ್ನ ಮುಖ ನೋಡಿದ. "ನನ್ನ ಹೆಂಡ್ತಿಗೆ ಅರುಳುಮರುಳು. ನೀನು ಕೆತ್ತಪ್ಪ."

ಕೆತ್ತಿದೆ. ಒಂದಕ್ಷರವೂ ಸೊಟ್ಟಗಾಗಲಿಲ್ಲ. ಇವತ್ತಿಗೂ ನನಗೆ ನಾಚಿಕೆ ಅದೇ.

ಕಮಾನು ನಿಂತ ದಿನದಿಂದ ಆ ಅತ್ತೆ, ಸೊಸೆ ಸತ್ತ ಕಿಟಕಿಯಿಲ್ಲದ ಕೋಣೆಯಲ್ಲಿ ಬೆಳಿಗ್ಗೆ ಒಂದು ಬಟ್ಟಲು ಬಿಸಿ ಅನ್ನ ಇಟ್ಟು ಬೀಗ ಹಾಕುತ್ತಾಳೆ. ಬಾಕಿ ಕೂಲಿ ಕೇಳಲು ಹೋದ ಒಂದು ಸಂಜೆ, ಅವಳು ಬೀಗ ತೆಗೆಯುವಾಗ ನಾನೂ ಪಕ್ಕದಲ್ಲಿದ್ದೆ. ಬಟ್ಟಲಲ್ಲಿ ಒಂದು ಅಗುಳೂ ಉಳಿದಿರಲಿಲ್ಲ.